ಹಳೆಯ ಆಕ್ಟೇವಿಯಾ: ತರುವುದು ಸುಲಭ, ಸಾಕುವುದು?

ಓದುಗರ ಪ್ರಶ್ನೆ: ನಾನು ಶಿರಸಿ ಸಮೀಪದ ಹಳ್ಳಿಯವನು, ಪ್ರೌಢಶಾಲಾ ಶಿಕ್ಷಕ. ಮನೆಯಲ್ಲಿ ಸ್ವಲ್ಪ ಅಡಿಕೆ ತೋಟವಿದೆ. ಶಾಲೆಗೆ ದಿನವೂ ಹೋಗಿ ಬರಲು 28 ಕಿ.ಮೀ., ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿರುವ ಮಗಳ ಮನೆಗೆ ಪ್ರಯಾಣ. ಬಹಳ ದಿನಗಳಿಂದ ಸ್ಕೋಡಾ ಆಕ್ಟೇವಿಯಾ ಮೇಲೆ ಆಸೆ. ಈಗ ಬೆಂಗಳೂರಿನಲ್ಲಿ ಎರಡು ಕಾರು ನೋಡಿದ್ದೇನೆ. ಒಂದು 2016ರ 1.8 ಟಿಎಸ್‌ಐ ಪೆಟ್ರೋಲ್ ಆಟೊಮ್ಯಾಟಿಕ್, ಬೆಂಗಳೂರು ನೋಂದಣಿ, 71 ಸಾವಿರ ಕಿ.ಮೀ. ಓಡಿದೆ, ಏಳೂಕಾಲು ಲಕ್ಷ ಹೇಳುತ್ತಿದ್ದಾರೆ. ಇನ್ನೊಂದು 2015ರ 2.0 ಡೀಸೆಲ್ ಆಟೊಮ್ಯಾಟಿಕ್, ದೆಹಲಿ ನೋಂದಣಿ, 88 ಸಾವಿರ ಕಿ.ಮೀ., ಐದೂಮುಕ್ಕಾಲು ಲಕ್ಷ. ನಮಗೆ ಹತ್ತಿರದ ಅಧಿಕೃತ ಸರ್ವಿಸ್ ಎಂದರೆ ಹುಬ್ಬಳ್ಳಿ. ಅಪ್ಪಯ್ಯ, ‘ಆನೆ ತರುವುದು ಸುಲಭ, ಸಾಕುವವರು ಯಾರು? ಅದೇ ದುಡ್ಡಿಗೆ ಹೊಸ ಸಣ್ಣ ಕಾರು ತಾ’ ಎನ್ನುತ್ತಾರೆ. ಜರ್ಮನ್ ಗೇರ್‌ಬಾಕ್ಸ್ ಕೈಕೊಟ್ಟರೆ ಕಾರಿನ ಅರ್ಧ ಬೆಲೆ ಹೋಗುತ್ತದೆ ಎಂದು ಗೆಳೆಯರು ಹೆದರಿಸಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಲೆಕ್ಕದ ದೃಷ್ಟಿಯಿಂದ ಅವರು ಹೇಳಿದ್ದು ಸರಿ. ನೀವು ನೋಡಿರುವ ಪೆಟ್ರೋಲ್ ಕಾರಿನ ಬೆಲೆ ಇಂದು ಏಳೂಕಾಲು ಲಕ್ಷ ಇರಬಹುದು. ಆದರೆ ಅದು ಹೊಸದಿದ್ದಾಗ ನಮ್ಮ ರಾಜ್ಯದ ತೆರಿಗೆಯೂ ಸೇರಿ ಇಪ್ಪತ್ತು ಲಕ್ಷ ದಾಟಿದ್ದ ಕಾರು. ಹತ್ತು ವರ್ಷದಲ್ಲಿ ಕಾರಿನ ಬೆಲೆ ಮೂರನೇ ಒಂದಕ್ಕೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ಹೆಡ್‌ಲೈಟ್ ಒಡೆದರೆ ನೀವು ಕೊಡಬೇಕಾದದ್ದು ಇಪ್ಪತ್ತು ಲಕ್ಷದ ಕಾರಿನ ಹೆಡ್‌ಲೈಟಿನ ದುಡ್ಡು. ನನ್ನ ಗ್ಯಾರೇಜಿಗೆ ಬಂದು ಬೇಸರಪಟ್ಟವರಲ್ಲಿ ಹೆಚ್ಚಿನವರು ಕೆಟ್ಟ ಕಾರು ಕೊಂಡವರಲ್ಲ, ಕೈಯಲ್ಲಿದ್ದ ಕೊನೆಯ ರೂಪಾಯಿಯನ್ನೂ ಕಾರಿಗೇ ಕೊಟ್ಟು ಬಂದವರು.

ಈಗ ಗೆಳೆಯರು ಹೆದರಿಸಿದ ಗೇರ್‌ಬಾಕ್ಸ್ ವಿಷಯ. ‘ಜರ್ಮನ್ ಆಟೊಮ್ಯಾಟಿಕ್ ಕೆಟ್ಟದ್ದು’ ಎಂದು ಒಟ್ಟಾಗಿ ಹೇಳುವವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ: ನೀವು ನೋಡಿದ ಎರಡು ಕಾರುಗಳಲ್ಲಿ ಇರುವುದು ಎರಡು ಬೇರೆ ಬೇರೆ ಗೇರ್‌ಬಾಕ್ಸ್. ಡಿಕ್ಕಿಯ ಮೇಲಿನ ಹೆಸರು ಒಂದೇ, ಹೊಟ್ಟೆಯೊಳಗಿನದು ಬೇರೆ.

1.8 ಪೆಟ್ರೋಲಿನಲ್ಲಿರುವುದು ಏಳು ಗೇರಿನ ಡಿಎಸ್‌ಜಿ, ಕಂಪನಿಯ ಭಾಷೆಯಲ್ಲಿ ಡಿಕ್ಯು200. ಇದರಲ್ಲಿ ಎರಡು ಕ್ಲಚ್ ಇವೆ: ಒಂದು, ಮೂರು, ಐದು, ಏಳನೆಯ ಗೇರುಗಳನ್ನು ಒಂದು ಕ್ಲಚ್ ನೋಡಿಕೊಂಡರೆ ಎರಡು, ನಾಲ್ಕು, ಆರು ಮತ್ತು ರಿವರ್ಸನ್ನು ಇನ್ನೊಂದು ನೋಡಿಕೊಳ್ಳುತ್ತದೆ. ಎರಡೂ ಒಣ ಕ್ಲಚ್, ಅಂದರೆ ಮಾಮೂಲಿ ಮ್ಯಾನುಯಲ್ ಕಾರಿನಲ್ಲಿರುವ ಹಾಗೆ ಎಣ್ಣೆಯಲ್ಲಿ ಮುಳುಗಿಲ್ಲದ ತಟ್ಟೆಗಳು. ಅವನ್ನು ಒತ್ತುವುದಕ್ಕೆ ನಿಮ್ಮ ಕಾಲಿನ ಬದಲು ‘ಮೆಕಾಟ್ರಾನಿಕ್ಸ್’ ಎಂಬ ಪೆಟ್ಟಿಗೆ ಇದೆ. ಅದರೊಳಗೆ ಪುಟ್ಟ ಪಂಪು, ಒತ್ತಡ ಹಿಡಿದಿಡುವ ಕುಪ್ಪಿ, ವಾಲ್ವುಗಳು, ಎಲ್ಲಕ್ಕೂ ಅಪ್ಪಣೆ ಕೊಡುವ ಎಲೆಕ್ಟ್ರಾನಿಕ್ ಬೋರ್ಡು. ಸಾಮಾನ್ಯವಾಗಿ ಕೈಕೊಡುವುದು ಈ ಪೆಟ್ಟಿಗೆಯೇ. ಕುಪ್ಪಿ ಕೂರುವ ಲೋಹದ ಜಾಗ ಬಿರುಕು ಬಿಟ್ಟು ಒತ್ತಡ ಸೋರಿಹೋದರೆ ಡ್ಯಾಶ್‌ಬೋರ್ಡಿನಲ್ಲಿ ಗೇರಿನ ಗುರುತು ಮಿನುಗತೊಡಗುತ್ತದೆ, ಕಾರು ನಿಂತಲ್ಲೇ ನಿಲ್ಲುತ್ತದೆ.

ಇದು ಗಾಳಿಮಾತಲ್ಲ. 2013ರ ಮಾರ್ಚ್‌ನಲ್ಲಿ ಚೀನಾದಲ್ಲಿ ಇದೇ ಸರಣಿಯ ಗೇರ್‌ಬಾಕ್ಸಿಗಾಗಿ 3.84 ಲಕ್ಷ ಕಾರುಗಳನ್ನು ಸ್ಕೋಡಾದ ಜರ್ಮನ್ ಮಾತೃಸಂಸ್ಥೆ ಫೋಕ್ಸ್‌ವ್ಯಾಗನ್ ವಾಪಸ್ ಕರೆಸಿಕೊಂಡಿತು. ಅದೇ ವರ್ಷದ ಕೊನೆಗೆ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳಲ್ಲಿ ಸಿಂಥೆಟಿಕ್ ಎಣ್ಣೆ ತೆಗೆದು ಮಿನರಲ್ ಎಣ್ಣೆ ತುಂಬಿಸಿತು. ಸೆಕೆ, ತೇವ ಹೆಚ್ಚಿದ್ದು, ನಿಂತು ನಿಂತು ಸಾಗುವ ರಸ್ತೆಗಳಿರುವ ಊರುಗಳಲ್ಲಿ ತೊಂದರೆ ಎದ್ದು ಕಂಡಿತ್ತು. ನಮ್ಮ ಊರುಗಳನ್ನೇ ವರ್ಣಿಸಿದ ಹಾಗಿದೆ, ಅಲ್ಲವೇ? ನೀವು ನೋಡಿದ 2016ರ ಕಾರು ಆ ತಿದ್ದುಪಡಿಗಳ ನಂತರದ್ದು. ಆದ್ದರಿಂದ ಹಳೆಯ ಕಥೆಗಳನ್ನೆಲ್ಲ ಅದರ ತಲೆಗೆ ಕಟ್ಟಬೇಡಿ. ಆದರೂ ಹತ್ತು ವರ್ಷ ತುಂಬಿದ ಈ ಪೆಟ್ಟಿಗೆ ಮುಂದಿನ ಐದು ವರ್ಷ ತಂಟೆ ಮಾಡುವುದಿಲ್ಲ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ, ನಾನೂ ಕೊಡುವುದಿಲ್ಲ.

ಖರ್ಚಿನ ಅಂದಾಜು ಹೇಳುತ್ತೇನೆ. ಮೆಕಾಟ್ರಾನಿಕ್ಸ್ ಹೊಸದು ಹಾಕಿಸಿದರೆ ಒಂದೂವರೆಯಿಂದ ಎರಡೂವರೆ ಲಕ್ಷ. ಕ್ಲಚ್ ಜೋಡಿ ಬೇರೆ ಲೆಕ್ಕ, ಕೂಲಿ ಸೇರಿ ಲಕ್ಷದ ಆಸುಪಾಸು. ಆದರೆ ‘ಕೆಟ್ಟರೆ ಹೊಸದೇ ಗತಿ’ ಎಂಬ ಮಾತು ಹಳೆಯದಾಯಿತು. ಬಿರುಕು ಬಿಟ್ಟ ಭಾಗವನ್ನು ಮಾತ್ರ ಬದಲಿಸುವ, ಬೋರ್ಡನ್ನು ದುರಸ್ತಿ ಮಾಡುವ ಸ್ವತಂತ್ರ ಗ್ಯಾರೇಜುಗಳು ಬೆಂಗಳೂರಿನಲ್ಲಿ ಈಗ ಇವೆ. ಸರಿಯಾದ ಕೈಗೆ ಸಿಕ್ಕರೆ ಹೊಸದರ ಮೂರನೇ ಒಂದು ಭಾಗದಷ್ಟು ಖರ್ಚಿನಲ್ಲಿ ಕೆಲಸ ಮುಗಿದದ್ದುಂಟು. ಕಲಿಯುತ್ತಿರುವ ಕೈಗೆ ಸಿಕ್ಕರೆ ಎರಡು ಸಲ ಖರ್ಚು.

2.0 ಡೀಸೆಲಿನದು ಆರು ಗೇರಿನ ಡಿಎಸ್‌ಜಿ, ಡಿಕ್ಯು250. ಇಲ್ಲಿ ಕ್ಲಚ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಬಿಸಿಯನ್ನು ಎಣ್ಣೆ ಹೊತ್ತೊಯ್ಯುವುದರಿಂದ ಘಟ್ಟ, ಹೊರೆ, ಸೆಕೆ ಎಲ್ಲವನ್ನೂ ಇದು ಚೆನ್ನಾಗಿ ತಾಳಿಕೊಳ್ಳುತ್ತದೆ. ಕೇಳುವುದು ಒಂದೇ: 60 ಸಾವಿರ ಕಿ.ಮೀ.ಗೊಮ್ಮೆ ಹೊಸ ಎಣ್ಣೆ ಮತ್ತು ಫಿಲ್ಟರ್. ಕುಮಟಾ ಕಡೆಗೆ ದೇವಿಮನೆ ಘಟ್ಟ ಹತ್ತಿ ಇಳಿಯುವ ನಿಮಗೆ, ಗೇರ್‌ಬಾಕ್ಸ್ ಒಂದನ್ನೇ ನೋಡಿ ಆರಿಸು ಎಂದರೆ ನಾನು ಕಣ್ಣು ಮುಚ್ಚಿ ಡೀಸೆಲನ್ನು ತೋರಿಸುತ್ತಿದ್ದೆ. ಡೀಸೆಲ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ ಎಂಬುದನ್ನು ಮರೆಯಬೇಡಿ. ಅದು ಓಡುವಾಗ ಹರಿದರೆ ವಾಲ್ವು, ಪಿಸ್ಟನ್ ಒಂದಕ್ಕೊಂದು ಬಡಿದು ಎಂಜಿನ್ ಹಾಳಾಗುತ್ತದೆ. ಬಿಲ್ ತೋರಿಸಿದರೆ ಸರಿ, ಬಾಯಿಮಾತಾದರೆ ಬೆಲ್ಟು ಬದಲಾಗಿಲ್ಲ ಎಂದೇ ಎಣಿಸಿ ಬೆಲೆ ಮಾತಾಡಿ.

ಹಾಗಿದ್ದರೆ ದೆಹಲಿಯ ಡೀಸೆಲನ್ನೇ ತರಬಹುದಲ್ಲ ಎಂದು ನೀವು ಕೇಳುತ್ತೀರಿ. ಅಲ್ಲಿಯೇ ಇರುವುದು ಗಂಟು.

ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಿಸಬಾರದು ಎಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಆ ನಿಯಮ ನ್ಯಾಯಾಲಯದಲ್ಲಿ ಹೊಯ್ದಾಡುತ್ತಲೇ ಬಂದಿದೆ. ಅದರ ಹೆದರಿಕೆಯಿಂದ ಒಳ್ಳೆಯ ಕಾರುಗಳೂ ಅಲ್ಲಿ ಅಗ್ಗಕ್ಕೆ ಬಿಕರಿಯಾಗಿ ಲಾರಿ ಹತ್ತಿ ದಕ್ಷಿಣಕ್ಕೆ ಬರುತ್ತವೆ. ಅಗ್ಗವಾಗಿರುವುದಕ್ಕೆ ಕಾರಣ ಕಾರಿನ ದೋಷವೇ ಆಗಿರಬೇಕಿಲ್ಲ. ಆದರೆ ನಿಮ್ಮ ಹೆಸರಿಗೆ, ನಿಮ್ಮ ಶಿರಸಿಯ ಕೆಎ-31 ಸಂಖ್ಯೆಗೆ ಅದು ಬರಬೇಕಾದರೆ ದೆಹಲಿ ಆರ್‌ಟಿಒದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕು. ಸಾಲವಿದ್ದರೆ ತೀರಿದ್ದಕ್ಕೆ ನಮೂನೆ 35, ವರ್ಗಾವಣೆಗೆ 29 ಮತ್ತು 30. ಇವೆಲ್ಲ ಆದ ಮೇಲೆ ಕರ್ನಾಟಕದ ಆಜೀವ ತೆರಿಗೆ. ಇದನ್ನು ನೀವು ಕೊಟ್ಟ ಐದೂಮುಕ್ಕಾಲು ಲಕ್ಷದ ಮೇಲೆ ಹಾಕುವುದಿಲ್ಲ. ಕಾರಿನ ಮೂಲ ಬೆಲೆ ಹಿಡಿದು, ವಯಸ್ಸಿಗೆ ತಕ್ಕ ರಿಯಾಯಿತಿ ಕಳೆದು ಲೆಕ್ಕ ಮಾಡುತ್ತಾರೆ. ಈ ದರ್ಜೆಯ ಕಾರಿಗೆ ಅದು ಸುಲಭವಾಗಿ ಲಕ್ಷ ದಾಟುತ್ತದೆ. ಅಲ್ಲಿಗೆ ನಿಮ್ಮ ಎರಡು ಕಾರುಗಳ ನಡುವಿನ ಒಂದೂವರೆ ಲಕ್ಷದ ಅಂತರ ಕರಗಿತು. ದೆಹಲಿಯಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗ ವಾಪಸ್ ಸಿಗುತ್ತದೆ ಎಂದು ದಲ್ಲಾಳಿ ಹೇಳಿಯೇ ಹೇಳುತ್ತಾರೆ. ನಿಯಮ ಇದೆ, ನಿಜ. ಶಿರಸಿಯಲ್ಲಿ ಕುಳಿತು ದೆಹಲಿಯ ಕಚೇರಿಯಿಂದ ಆ ಹಣ ತರಿಸಿಕೊಳ್ಳುವ ತಾಳ್ಮೆ ನಿಮಗಿದ್ದರೆ ನಿಮ್ಮ ವಿದ್ಯಾರ್ಥಿಗಳು ಪುಣ್ಯವಂತರು.

‘ಒಂದು ವರ್ಷ ದೆಹಲಿ ನಂಬರಿನಲ್ಲೇ ಓಡಿಸಿ, ಯಾರೂ ಕೇಳುವುದಿಲ್ಲ’ ಎಂಬ ಸಲಹೆಯೂ ಬರಬಹುದು. ಕಾನೂನಿನ 12 ತಿಂಗಳ ಅವಕಾಶ ಇರುವುದು ಬೇರೆ ರಾಜ್ಯದಿಂದ ತಮ್ಮ ಕಾರು ತಂದವರಿಗೆ. ಇಲ್ಲಿ ಕೊಂಡು, ಆರ್‌ಸಿಯಲ್ಲಿ ಬೇರೆಯವರ ಹೆಸರಿಟ್ಟುಕೊಂಡು ಓಡಿಸುವಾಗ ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ಆ ಪ್ರಶ್ನೆಯನ್ನು. ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಮುಂಗಡವನ್ನೂ ಕೊಡಬೇಡಿ.

ಇನ್ನು ಬೆಂಗಳೂರಿನ ಪೆಟ್ರೋಲ್ ಕಾರು. ನಿಮ್ಮ ಬಳಕೆ ಆ ಗೇರ್‌ಬಾಕ್ಸಿಗೆ ಹಿತವಾದದ್ದು; ಖಾಲಿ ರಸ್ತೆ, ದೂರದ ಓಟ. ಆದರೆ ಇಷ್ಟು ವರ್ಷ ಅದು ಎಲ್ಲಿ ಓಡಿತು? ದಿನವೂ ಸಿಲ್ಕ್ ಬೋರ್ಡ್ ದಾಟಿ ಕಚೇರಿಗೆ ಹೋದ 71 ಸಾವಿರ ಕಿ.ಮೀ.ಗೂ ವಾರಕ್ಕೊಮ್ಮೆ ಮೈಸೂರಿಗೆ ಹೋದ 71 ಸಾವಿರ ಕಿ.ಮೀ.ಗೂ ಕ್ಲಚ್ ದೃಷ್ಟಿಯಿಂದ ಅಜಗಜಾಂತರ. ಮಾಲೀಕರ ಮನೆ ಎಲ್ಲಿ, ಕಚೇರಿ ಎಲ್ಲಿ ಎಂದು ಸುಮ್ಮನೆ ಮಾತಿಗೆಳೆಯಿರಿ. ಅದಕ್ಕಿಂತ ಮೊದಲು, ಆ 71 ಸಾವಿರ ನಿಜವೇ ಎಂದು ನೋಡಬೇಕು. ಮೀಟರ್ ತಿರುಗಿಸುವ ದಂಧೆ ನಿಂತಿಲ್ಲ. ಚಾಸಿ ಸಂಖ್ಯೆ ಕೊಟ್ಟು ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಇತಿಹಾಸ ಕೇಳಿ. ಪ್ರತಿ ಭೇಟಿಯ ಕಿ.ಮೀ. ಅಲ್ಲಿ ದಾಖಲಾಗಿರುತ್ತದೆ. ವಿಸಿಡಿಎಸ್‌ನಂತಹ ಸ್ಕ್ಯಾನರ್ ಹಾಕಿದರೆ, ಹಳೆಯ ದೋಷಗಳು ದಾಖಲಾದಾಗ ಕಾರು ಎಷ್ಟು ಓಡಿತ್ತು ಎಂಬುದೂ ಕೆಲವೊಮ್ಮೆ ಸಿಗುತ್ತದೆ. ಮೀಟರಿನಲ್ಲಿ 71 ಸಾವಿರ ಇದ್ದು, ಒಳಗಿನ ದೋಷವೊಂದು ‘ನಾನು 94 ಸಾವಿರದಲ್ಲಿ ಹುಟ್ಟಿದೆ’ ಎಂದರೆ ಮಾತು ಅಲ್ಲಿಗೇ ಮುಗಿಯಿತು.

ಸ್ಕ್ಯಾನರ್ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ನನ್ನದೇ ತಪ್ಪೊಂದು ಕಾರಣ. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರ ಜೊತೆ ಕಾರು ನೋಡಲು ಹೋಗಿದ್ದೆ. ಆ ದಿನ ಯಂತ್ರ ಕೈಯಲ್ಲಿರಲಿಲ್ಲ. ಓಡಿಸಿ ನೋಡಿದೆ, ಬೆಣ್ಣೆಯಂತೆ ಗೇರ್ ಬದಲಾಗುತ್ತಿತ್ತು. ‘ತೆಗೆದುಕೊಳ್ಳಿ’ ಎಂದೆ. ಮೂರು ತಿಂಗಳಿಗೆ ರಿವರ್ಸ್ ಹೋಯಿತು. ಬಿಚ್ಚುವ ಮೊದಲು ಸ್ಕ್ಯಾನ್ ಮಾಡಿದಾಗ ಎರಡನೆಯ ಕ್ಲಚ್ ಸವೆದು ಕೊನೆಯ ಅಂಚಿನಲ್ಲಿದ್ದದ್ದು ಅಂಕಿಗಳಲ್ಲಿ ಸ್ಪಷ್ಟವಾಗಿತ್ತು. ಹೊಸದಾಗಿ ಅಡಾಪ್ಟೇಶನ್, ಅಂದರೆ ಕ್ಲಚ್ ಎಲ್ಲಿ ಹಿಡಿಯುತ್ತದೆ ಎಂದು ಗೇರ್‌ಬಾಕ್ಸಿನ ಬೋರ್ಡಿಗೆ ಮತ್ತೆ ಕಲಿಸುವ ಕೆಲಸ, ಮಾಡಿಸಿ ಮಾರಿದ್ದರು. ಅದು ಸವೆದ ಚಪ್ಪಲಿಗೆ ಪಾಲಿಶ್ ಹಾಕಿದ ಹಾಗೆ. ಅಂದಿನಿಂದ ಕಿವಿಯನ್ನು ನಂಬಿ ಯಾವ ಡಿಎಸ್‌ಜಿಗೂ ಹೂಂ ಅಂದಿಲ್ಲ.

ಕಾರು ನೋಡಲು ಬೆಳಿಗ್ಗೆ ಹೋಗಿ, ‘ಸ್ಟಾರ್ಟ್ ಮಾಡಬೇಡಿ’ ಎಂದು ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ ಬೆಳಗಿನ ಮೊದಲ ಸದ್ದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ. ಸ್ವಲ್ಪ ಏರಿರುವ ಜಾಗದಲ್ಲಿ ನಿಧಾನವಾಗಿ ರಿವರ್ಸ್ ತೆಗೆಯಿರಿ. ಬ್ರೇಕ್ ಬಿಟ್ಟಾಗ ಕಾರು ನಡುಗಿದರೆ ಕ್ಲಚ್ ದೂರು ಹೇಳುತ್ತಿದೆ. ಒಂದರಿಂದ ಎರಡು, ಎರಡರಿಂದ ಮೂರಕ್ಕೆ ಹೋಗುವಾಗಿನ ಎಳೆತ ಗಮನಿಸಿ. ಎಂಜಿನ್ ಬಿಸಿಯಾದ ಮೇಲೂ ಅರ್ಧ ಗಂಟೆ ದಟ್ಟಣೆಯಲ್ಲಿ ಓಡಿಸಿ, ಏಕೆಂದರೆ ಈ ಕಾಯಿಲೆ ತೋರುವುದು ಸೆಕೆಯಲ್ಲಿ.

ಈ 1.8 ಎಂಜಿನ್ ಎಣ್ಣೆ ಕುಡಿಯುತ್ತದೆ ಎಂಬ ಮಾತನ್ನೂ ನೀವು ಕೇಳಿರಬಹುದು. ಅದು ಹಿಂದಿನ ಪೀಳಿಗೆಯ ಅಪವಾದ. ಸ್ಕೋಡಾದ್ದೇ ಆದ ಲಾರಾ ಮತ್ತು ಹಳೆಯ ಸೂಪರ್ಬ್‌ನಲ್ಲಿದ್ದ 1.8ರಲ್ಲಿ ಪಿಸ್ಟನ್ ರಿಂಗಿನ ವಿನ್ಯಾಸದಿಂದ ಆಯಿಲ್ ನಿಜಕ್ಕೂ ಸುಟ್ಟುಹೋಗುತ್ತಿತ್ತು. ಈ ಆಕ್ಟೇವಿಯಾದ್ದು ನಂತರದ ಪೀಳಿಗೆ, ಆ ರೋಗ ಬಹುತೇಕ ಹೋಗಿದೆ. ಇದರ ದೌರ್ಬಲ್ಯ ಬೇರೆ: ನೀರಿನ ಪಂಪು ಮತ್ತು ಥರ್ಮೋಸ್ಟಾಟ್ ಕೂರುವ ಪ್ಲಾಸ್ಟಿಕ್ ಮನೆ. ಬಿಸಿ ತಿಂದು ತಿಂದು ಅದು ಸೊಟ್ಟಗಾಗಿ ಕೂಲೆಂಟ್ ಜಿನುಗುತ್ತದೆ. ಟಾರ್ಚ್ ಹಿಡಿದು ಎಂಜಿನ್ ಪಕ್ಕ ಇಣುಕಿದರೆ ಒಣಗಿದ ಗುಲಾಬಿ ಬಣ್ಣದ ಕರೆ ಕಾಣುತ್ತದೆ, ರಂಗೋಲಿ ಪುಡಿ ಚೆಲ್ಲಿ ಒರೆಸಿದ ಹಾಗೆ. ರಿಪೇರಿ ಮೂವತ್ತು ಸಾವಿರದ ಆಸುಪಾಸು. ನೋಡದೆ ಓಡಿಸಿ ಎಂಜಿನ್ ಬಿಸಿಯೇರಿಸಿಕೊಂಡರೆ ಅದರ ಹಲವು ಪಟ್ಟು.

ಬೆಂಗಳೂರಿನ ಕಾರು ಎಂದ ಮೇಲೆ ನೀರಿನ ವಿಷಯ ಬಿಡುವಂತಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ದುಬಾರಿ ಕಾರುಗಳು ಕಿಟಕಿಯವರೆಗೆ ಮುಳುಗಿ ನಿಂತಿದ್ದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅವೆಲ್ಲ ಗುಜರಿಗೆ ಹೋಗಲಿಲ್ಲ. ಮರುವರ್ಷ ನನ್ನ ಬಳಿ ಒಂದು ಕಾರು ಬಂತು, ಒಳಗೆ ನಿಂಬೆ ವಾಸನೆಯ ಸೆಂಟು ಮೂಗಿಗೆ ಬಡಿಯುವಷ್ಟಿತ್ತು. ಮುಂದಿನ ಸೀಟ್‌ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆದೆ. ನಾವು ದಿನವೂ ಎಳೆಯುವ ಭಾಗ ಕಪ್ಪಗೆ ಹೊಳೆಯುತ್ತಿತ್ತು. ಎಂದೂ ಹೊರಗೆ ಬರದ ಕೊನೆಯ ಒಂದು ಗೇಣು ಕೆಸರಿನ ಬಣ್ಣಕ್ಕಿತ್ತು, ಬೆರಳಿಗೆ ನಯವಾದ ಮಣ್ಣು ಹತ್ತಿತು. ಕಾರ್ಪೆಟ್ ಎತ್ತಿದರೆ ವೈರಿನ ಕನೆಕ್ಟರ್‌ಗಳ ಮೇಲೆ ಹಸಿರು ಕಿಲುಬು. ಜರ್ಮನ್ ಕಾರುಗಳಲ್ಲಿ ಸೀಟಿನ ಕೆಳಗೆ, ಕಾರ್ಪೆಟ್ಟಿನ ಕೆಳಗೆಲ್ಲ ವೈರು, ಕಂಟ್ರೋಲ್ ಪೆಟ್ಟಿಗೆಗಳು. ನೀರು ಕುಡಿದ ಕಾರು ಇಂದು ಓಡುತ್ತದೆ, ಮುಂದಿನ ಮಳೆಗಾಲದಲ್ಲಿ ಒಂದೊಂದೇ ದೀಪ ಹಚ್ಚಿಕೊಳ್ಳುತ್ತದೆ. ಸೀಟ್‌ಬೆಲ್ಟ್ ಎಳೆಯುವುದಕ್ಕೆ ಕಾಸು ಬೇಡ, ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡುವುದಕ್ಕೂ ಬೇಡ.

ದಲ್ಲಾಳಿ ‘ಪೂರ್ತಿ ಬೆಲೆಯ ಮೇಲೆ 18% ಜಿಎಸ್‌ಟಿ’ ಎಂದು ಸೇರಿಸಲು ಬಂದರೆ ಒಪ್ಪಬೇಡಿ. 2024ರ ಡಿಸೆಂಬರ್‌ನ ಜಿಎಸ್‌ಟಿ ಮಂಡಳಿಯ ತೀರ್ಮಾನದಂತೆ ಆ ತೆರಿಗೆ ನೋಂದಾಯಿತ ವ್ಯಾಪಾರಿಯ ಲಾಭದ ಅಂಶಕ್ಕೆ ಮಾತ್ರ. ಮಾಲೀಕರಿಂದ ನೇರವಾಗಿ ಕೊಂಡರೆ ಜಿಎಸ್‌ಟಿಯೇ ಇಲ್ಲ.

ಈಗ ನನ್ನ ಅಭಿಪ್ರಾಯ. ದೆಹಲಿ ಡೀಸೆಲ್ ಬೇಡ; ಯಂತ್ರ ಒಳ್ಳೆಯದಿರಬಹುದು, ಕಾಗದದ ಕಾಟ ನಿಮಗೆ ಬೇಡ. ಬೆಂಗಳೂರಿನ ಪೆಟ್ರೋಲನ್ನು ಸ್ಕ್ಯಾನ್ ವರದಿ ಚೆನ್ನಾಗಿದ್ದರೆ, ಕೈಯಲ್ಲಿ ಇನ್ನೂ ಎರಡು ಲಕ್ಷ ಬೇರೆಯಾಗಿ ಎತ್ತಿಟ್ಟಿದ್ದರೆ ಮಾತ್ರ ಕೊಳ್ಳಬಹುದು. ಆ ಎರಡು ಲಕ್ಷವನ್ನು ಕಾರಿನ ಬೆಲೆಯೊಳಗೇ ಸೇರಿಸಿ ನೋಡಿ: ಒಂಬತ್ತೂಕಾಲು ಲಕ್ಷದ ಕಾರು. ಆಗಲೂ ಬೇಕೆನಿಸಿದರೆ ಮುಂದುವರಿಯಿರಿ. ಆದರೆ ನಾನು ನಿಮ್ಮ ಜಾಗದಲ್ಲಿದ್ದರೆ ಎರಡನ್ನೂ ಬಿಟ್ಟು ಇನ್ನೆರಡು ತಿಂಗಳು ಕಾಯುತ್ತಿದ್ದೆ. ಇದೇ ಆಕ್ಟೇವಿಯಾ 1.4 ಪೆಟ್ರೋಲ್ ಮ್ಯಾನುಯಲ್‌ನಲ್ಲಿಯೂ 2.0 ಡೀಸೆಲ್ ಮ್ಯಾನುಯಲ್‌ನಲ್ಲಿಯೂ ಬರುತ್ತಿತ್ತು. ಎಲ್ಲರೂ ಆಟೊಮ್ಯಾಟಿಕ್ ಬೆನ್ನು ಹತ್ತಿರುವುದರಿಂದ ಮ್ಯಾನುಯಲ್‌ಗಳು ಅಗ್ಗ, ಮೆಕಾಟ್ರಾನಿಕ್ಸ್ ಚಿಂತೆಯೂ ಇಲ್ಲ. ಕರ್ನಾಟಕ ನೋಂದಣಿಯ ಅಂಥದ್ದೊಂದು ಸಿಕ್ಕರೆ ನಿಮ್ಮ ತೋಟದ ದಾರಿಗೆ ಅದಕ್ಕಿಂತ ಹೇಳಿ ಮಾಡಿಸಿದ್ದು ಇಲ್ಲ. ಹೊಸ ಸಣ್ಣ ಕಾರು ತಪ್ಪು ಆಯ್ಕೆಯೇನಲ್ಲ; ತಿಂಗಳ ಸಂಬಳದಲ್ಲಿ ಅನಿರೀಕ್ಷಿತವಾಗಿ ಐವತ್ತು ಸಾವಿರ ಏಳುವುದು ಕಷ್ಟ ಎಂಬ ಸ್ಥಿತಿಯಿದ್ದರೆ ಅದೇ ಸರಿ.

ಯಾವ ಆಕ್ಟೇವಿಯಾ ತಂದರೂ ಅದಕ್ಕೆ ಮೊದಲು ಮೆಕ್ಯಾನಿಕ್‌ನನ್ನು ಹುಡುಕಿಕೊಳ್ಳಿ. ಹುಬ್ಬಳ್ಳಿಯಲ್ಲಿ ಈ ಕಂಪನಿಯ ಕಾರುಗಳನ್ನೇ ಹೆಚ್ಚಾಗಿ ಮಾಡುವ ಸ್ವತಂತ್ರ ಗ್ಯಾರೇಜು ಯಾವುದು ಎಂದು ವಿಚಾರಿಸಿ, ಸ್ಕ್ಯಾನರ್ ಇದೆಯೇ ನೋಡಿ. ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಬಹುದು. ಕಂಪನಿಗೆ ಭಾಗ ಮಾಡಿಕೊಡುವ ಬಾಷ್, ಲುಕ್, ಸಾಕ್ಸ್, ಮಾಹ್ಲೆ ಇವರ ಸ್ವಂತ ಪೆಟ್ಟಿಗೆಯ ಮಾಲು ಎಷ್ಟೋ ಅಗ್ಗವಾಗಿ ಸಿಗುತ್ತದೆ. ಹೆಸರು ನಕಲು ಮಾಡಿದ ಮಾಲೂ ಅದೇ ಬೀದಿಯಲ್ಲಿದೆ, ಬಿಲ್ ಇಲ್ಲದೆ ಕೊಳ್ಳಬೇಡಿ. ಕಂಪನಿ 15 ಸಾವಿರ ಕಿ.ಮೀ.ಗೊಮ್ಮೆ ಸರ್ವಿಸ್ ಎನ್ನುತ್ತದೆ. ಹತ್ತು ವರ್ಷದ ಟರ್ಬೊ ಎಂಜಿನ್‌ಗೆ ಹತ್ತು ಸಾವಿರಕ್ಕೇ ಆಯಿಲ್ ಬದಲಿಸಿ, ಡಬ್ಬಿಯ ಮೇಲೆ ಕಂಪನಿಯ ಪುಸ್ತಕದಲ್ಲಿರುವ ಅನುಮೋದನೆ ಸಂಖ್ಯೆ ಇರಲೇಬೇಕು. ಬ್ರೇಕ್ ಎಣ್ಣೆ ಎರಡು ವರ್ಷಕ್ಕೊಮ್ಮೆ. ಆಟೊಮ್ಯಾಟಿಕ್ ಆದರೆ ಏರಿನಲ್ಲಿ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಗಟ್ಟಿಯಾಗಿ ಒತ್ತಿ. ಆಗ ಕ್ಲಚ್ ಬಿಡಿಸಿಕೊಳ್ಳುತ್ತದೆ.

ನಿಮ್ಮ ಕಡೆಯ ದೊಡ್ಡ ಶತ್ರು ಇಲಿ. ಮಳೆಗಾಲದಲ್ಲಿ ಎಂಜಿನ್ ಮೇಲಿನ ಬೆಚ್ಚಗಿನ ಜಾಗದಲ್ಲಿ ಅಡಿಕೆ ಸಿಪ್ಪೆ ತಂದು ಗೂಡು ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಣ್ಣ ಕಾರಿನಲ್ಲಿ ಕಡಿದ ವೈರು ಹುಡುಕಿ ಟೇಪು ಸುತ್ತಿದರೆ ಕೆಲಸ ಮುಗಿಯಬಹುದು, ಇದರಲ್ಲಿ ಯಾವ ವೈರು ಕಡಿದಿದೆ ಎಂದು ಹುಡುಕುವುದಕ್ಕೇ ಎರಡು ದಿನ. ಕೊಟ್ಟಿಗೆ, ಅಟ್ಟದ ಪಕ್ಕ ನಿಲ್ಲಿಸಬೇಡಿ, ನಾಲ್ಕು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

ಕೊನೆಯದಾಗಿ, ಕಾರು ನೋಡಲು ಹೋಗುವಾಗ ತಂದೆಯವರನ್ನೂ ಕರೆದುಕೊಂಡು ಹೋಗಿ. ಆಕ್ಟೇವಿಯಾ ತಗ್ಗಿನ ಕಾರು. ಮಂಡಿನೋವಿದ್ದವರಿಗೆ ಒಳಗೆ ಇಳಿಯುವುದು ಸುಲಭ, ಮೇಲೇಳುವುದು ಕಷ್ಟ. ಹಿಂದಿನ ಸೀಟಿನಲ್ಲಿ ಅವರನ್ನು ಕೂರಿಸಿ, ಯಾರ ಕೈಯನ್ನೂ ಹಿಡಿಯದೆ ಎದ್ದು ಬರಲು ಹೇಳಿ.